ಮೊದಲು ಬಂದವರು

ವೀಳ್ಯದೆಲೆಯ ಕುಕ್ಕೆಯಿಂದ ನೀರು ಒಸರಿ ನನ್ನ ಸೀರೆಯ ಅಂಚು ತಣ್ಣಗಾಗುತ್ತಿದೆ, ಪಕ್ಕದ ಹೆಂಗಸು ಕುಕ್ಕೆಯನ್ನು ತನ್ನತ್ತ ಎಳೆದುಕೊಂಡರೂ ಬಸ್ಸು ಕುಲುಕಿದೊಡನೆ ಅದು ಮತ್ತೆ ನನ್ನ ಕಾಲಿಗೇ ಬಂದು ಒರಗುತ್ತದೆ, ಇರಲಿ, ಒದ್ದೆಯಾದದ್ದು ಒಣಗುತ್ತದೆ, ಟೈಮೆಷ್ಟಾಯ್ತು ನರ್ಸಮ್ಮ ಅಂತ ಕಂಡಕ್ಟರ್ ಕೇಳುತ್ತಿದ್ದಾನೆ, ಕೈಯಲ್ಲಿ ಗಡಿಯಾರ ಕಟ್ಟಿದ ಹೆಂಗಸೆಂದರೆ ಈ ಬಸ್ಸಿನಲ್ಲಿ ನಾನೊಬ್ಬಳೇ, ಹತ್ತೂವರೆ, ತೆರಕಣಾಂಬಿ ಇನ್ನೂ ಬಂದಿಲ್ಲ, ಗುಂಡ್ಲುಪೇಟೆಯಲ್ಲೇ ತಡವಾಗಿ ಬಿಟ್ಟ ಬಸ್ಸು, ವಯನಾಡಿನ ಮೆಣಸಿನ ವ್ಯಾಪಾರಿ ಒಬ್ಬನಿಗಾಗಿ ಕಾದು ಕಾದು ಬಿಟ್ಟರು. ಕೈಚೀಲದಲ್ಲಿ ಕಾರ್ಡಿದೆ, ತೆಗೆದು ನೋಡಬೇಕಾಗಿಲ್ಲ, ಬಾಯಿಪಾಠವಾಗಿದೆ, ಶ್ರೀಮತಿ ಗುರುಮಲ್ಲಮ್ಮನವರು, ಹೆರಿಗೆ ನರ್ಸು, ಗುಂಡ್ಲುಪೇಟೆ ಎಂದು ವಿಳಾಸ, ಹಿಂಬದಿಯಲ್ಲಿ ಎರಡೇ ಸಾಲು, ಗೌರಿಗೆ ದಿನ ತುಂಬುತ್ತಾ ಬಂದಿದೆ, ತಾವು ಬಂದರೆ ಅನುಕೂಲ, ಇಂತಿ ಪುಟ್ಟಬಸಪ್ಪ, ಹರದನಹಳ್ಳಿ. ತಾವು. ತಂಗಿಯ ಗಂಡ ಬರೆದದ್ದು, ತಂಗಿ ಹೇಳಿ ಬರೆಸಿದಳೋ, ಅವಳಿಗೆ ತಿಳಿಸದೆ ಇವನೇ ಬರೆದನೋ, ಅಕ್ಷರ ನೋಡಿದರೆ ಹೇಗೆ ಗೊತ್ತಾಗುತ್ತದೆ, ಮೂರು ದಿನದಿಂದ ಆ ಎರಡು ಸಾಲಿನಲ್ಲಿ ಅವಳ ದನಿಯನ್ನು ಹುಡುಕುತ್ತಿದ್ದೇನೆ, ಒಂದು ಕಡೆ ಮಸಿ ತೊಟ್ಟಿಕ್ಕಿದೆ, ಅಲ್ಲಿ ಅವನು ಲೇಖನಿ ಎತ್ತಿ ಯೋಚಿಸಿರಬೇಕು, ಒಳಕೋಣೆಯಿಂದ ಅವಳು ಏನೋ ಅಂದಿರಬೇಕು — ಏನೂ ಅಂದಿರಲಾರಳು.

ಮೂರು ವರ್ಷವಾಯಿತು ಅವಳು ನನ್ನನ್ನು ಅಕ್ಕಯ್ಯ ಎಂದು. ಅಮ್ಮ ಸತ್ತಾಗ ಅವಳಿಗೆ ಆರು ವರ್ಷ, ನನಗೆ ಹದಿನೆಂಟು, ಅದೇ ವರ್ಷ ನನ್ನ ಗಂಡನೂ ವಿಷಮಜ್ವರದಲ್ಲಿ ಹೋಗಿದ್ದರು, ನಾನು ಅಪ್ಪನ ಮನೆಗೆ ವಾಪಸು ಬಂದಿದ್ದೆ, ಅವಳ ತಲೆ ಬಾಚುವುದು, ಅವಳಿಗೆ ರಾಗಿ ಅಂಬಲಿ ಕುಡಿಸುವುದು, ಇದರಲ್ಲೇ ನನ್ನ ಅಳು ಕಳೆಯಿತು. ಮೈಸೂರಿಗೆ ಹೆರಿಗೆ ಕೆಲಸ ಕಲಿಯಲು ಹೊರಟಾಗ ರೈಲ್ವೆ ಸ್ಟೇಷನ್ನಿನವರೆಗೂ ಬಂದು ನನ್ನ ಟ್ರಂಕಿನ ಮೇಲೆ ಕೂತುಬಿಟ್ಟಿದ್ದಳು, ನಾನು ಏಳಾಕಿಲ್ಲ ಕಣಕ್ಕಯ್ಯ, ನಾನೆದ್ರೆ ನೀನು ಓಯ್ತೀಯ. ಅಪ್ಪ ಎತ್ತಿಕೊಂಡರು, ರೈಲು ಹೊರಟಿತು, ಅವಳ ಬಾಯಿ ಮಾತ್ರ ಕಾಣುತ್ತಿತ್ತು, ಕೂಗು ಕೇಳಲಿಲ್ಲ. ಆಮೇಲೆ ಚಾಮರಾಜನಗರದ ಆಸ್ಪತ್ರೆಗೆ ಕೆಲಸಕ್ಕೆ ಬಂದೆ, ಅವಳ ಮದುವೆಯನ್ನು ನಾನೇ ನಿಂತು ಮಾಡಿದೆ, ಹರದನಹಳ್ಳಿ ಎಷ್ಟು ಹತ್ತಿರ, ಭಾನುವಾರ ಬೆಳಿಗ್ಗೆ ನಡೆದು ಹೋದರೆ ಬಿಸಿಲೇರುವುದರೊಳಗೆ ಅವಳ ಜಗಲಿಯ ಮೇಲಿರುತ್ತಿದ್ದೆ. ಬಸುರಿಯಾದಾಗ ನನ್ನ ಕೈಯನ್ನು ತೆಗೆದುಕೊಂಡು ಹೊಟ್ಟೆಯ ಮೇಲಿಟ್ಟುಕೊಂಡಳು, ಇದ್ನ ಇಡ್ಕಳೋ ಮೊದ್ಲನೇ ಕೈ ನಿಂದೇಯ, ಯಾವ ಡಾಕ್ಟ್ರೂ ಬ್ಯಾಡ. ನಗುತ್ತಾ ಹೂಂ ಅಂದೆ. ಎಷ್ಟು ಸುಲಭವಾಗಿ ಅಂದೆ.

ತೆರಕಣಾಂಬಿ, ಇಳಿಯೋರು ಇಳಿರಿ, ಕುಕ್ಕೆಯ ಹೆಂಗಸು ಇಳಿದಳು, ಜಾಗ ಖಾಲಿಯಾಯಿತು, ಕಿಟಕಿಯ ಕಡೆ ಸರಿದು ಕೂತೆ, ಹುರುಳಿಯ ಹೊಲ, ಒಣಗಿದ ಬಳ್ಳಿ, ಬೇಲಿಯ ಕಳ್ಳಿ, ಎಲ್ಲ ಹಿಂದೆ ಹಿಂದೆ ಓಡುತ್ತಿವೆ. ಅವತ್ತು ಕಾರ್ತೀಕದ ಸೋಮವಾರ, ಒಂಬತ್ತು ಗಂಟೆ ಹತ್ತು ನಿಮಿಷ, ನಾಡಿ ನೋಡುವ ಅಭ್ಯಾಸದಿಂದಲೋ ಏನೋ ಗಡಿಯಾರ ನೋಡಿದ್ದೆ, ಡಾಕ್ಟರು ಮೀಟಿಂಗಿಗೆ ಮೈಸೂರಿಗೆ ಹೋಗಿದ್ದರು, ಇನ್ನೊಬ್ಬ ನರ್ಸು ರಜ, ಇದ್ದದ್ದು ನಾನೊಬ್ಬಳು. ಬದನಗುಪ್ಪೆಯ ಕೇರಿಯಿಂದ ಪುಟ್ಟಮಾದಯ್ಯ ಎನ್ನುವ ಮುದುಕ ಗಾಡಿ ಕಟ್ಟಿಕೊಂಡು ಬಂದಿದ್ದ, ಮಗಳು ಸಿದ್ದಮ್ಮನಿಗೆ ನೋವು ಬಂದದೆ ಅಮ್ಮಾರೆ, ಬತ್ತೀರಾ, ಎಂದು ಆಸ್ಪತ್ರೆಯ ಗೇಟಿನ ಹೊರಗೇ ನಿಂತು ಕೇಳಿದ್ದ, ನಾನು ಚೀಲ ತೆಗೆದುಕೊಂಡು ಹೊರಟಿದ್ದೆ, ಚೀಲ ಅವನ ಗಾಡಿಯೊಳಗಿತ್ತು, ನನ್ನ ಒಂದು ಕಾಲು ಗಾಡಿಯ ಮೇಲಿತ್ತು. ಆಗ ರೈಲ್ವೆ ಗೇಟಿನ ಕಡೆಯಿಂದ ಇನ್ನೊಂದು ಗಾಡಿ ದೂಳೆಬ್ಬಿಸಿಕೊಂಡು ಬಂತು, ಪುಟ್ಟಬಸಪ್ಪ ನಿಂತುಕೊಂಡೇ ಹೊಡೆಯುತ್ತಿದ್ದ, ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು, ಅತ್ಗೆ, ಬಿರ್ರನೆ ಬನ್ನಿ, ಗೌರಿಗೆ ನೋವು ಸುರುವಾಗದೆ.

ಎರಡು ಗಾಡಿ, ಮೂಗಿಗೆ ಮೂಗು. ಬದನಗುಪ್ಪೆಯದು ಮೈಸೂರು ರಸ್ತೆ, ಹರದನಹಳ್ಳಿಯದು ಅದಕ್ಕೆ ತದ್ವಿರುದ್ಧ. ಆ ಮುದುಕ ಒಂದು ಕೆಲಸ ಮಾಡಿದ, ಯಾರೂ ಹೇಳದೆಯೇ ನನ್ನ ಚೀಲವನ್ನು ತನ್ನ ಗಾಡಿಯಿಂದ ತೆಗೆದ, ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟು ಹಿಂದಕ್ಕೆ ಸರಿದು ನಿಂತ, ಓಗ್ಬನ್ನಿ ಅಮ್ಮಾರೆ, ಒಡುಟ್ಟಿದೋರು, ನಮ್ದು ಎಂಗೋ ಆಯ್ತದೆ ಬುಡಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ನಾನು ಪುಟ್ಟಬಸಪ್ಪನ ಗಾಡಿ ಹತ್ತಿಬಿಡುತ್ತಿದ್ದೆ, ಯಾಕೆ ಹತ್ತುತ್ತಿರಲಿಲ್ಲ, ಸಿಟ್ಟಾದವರಿಗೆ ಉತ್ತರ ಕೊಡಬಹುದು, ಆದರೆ ಅವನು ಬೇಸರವನ್ನೂ ಪಡಲಿಲ್ಲ, ಮಳೆ ಬಂದರೆ ಸೂರಿನ ಕೆಳಗೆ ಸರಿಯುವ ಹಾಗೆ ಸರಿದ, ಹುಟ್ಟಿದಾಗಿನಿಂದ ಸರಿದು ಅಭ್ಯಾಸವಾದವನ ಹಾಗೆ. ಹಿಂದಿನ ತಿಂಗಳಷ್ಟೇ ನಮ್ಮವರೇ ಒಬ್ಬ ಸಾಹುಕಾರರ ಸೊಸೆಯನ್ನು ಸಾಲು ತಪ್ಪಿಸಿ ಒಳಕ್ಕೆ ಕರೆದುಕೊಂಡಿದ್ದೆ, ಬೆಳಗಿನಿಂದ ಜ್ವರದ ಮಗು ಮಡಿಲಲ್ಲಿಟ್ಟುಕೊಂಡು ಕೂತ ಇನ್ನೊಬ್ಬಳು ಏನೂ ಅನ್ನದೆ ಎದ್ದು ಹೋಗಿದ್ದಳು, ಅವಳ ಬೆನ್ನು ಮಾತ್ರ ಕಂಡಿತ್ತು, ಅದೂ ಹೀಗೇ ಹೋಗಿತ್ತು. ಬಾಗಿ ನೆಲದ ಮೇಲಿನ ಚೀಲ ತೆಗೆದುಕೊಂಡೆ, ಪುಟ್ಟಮಾದಯ್ಯನ ಗಾಡಿಯೊಳಗೆ ಇಟ್ಟೆ. ಇವರು ಮೊದಲು ಬಂದಿದ್ದಾರೆ ಪುಟ್ಟಬಸಪ್ಪ, ಗೌರಿಗೆ ಚೊಚ್ಚಲು, ಚೊಚ್ಚಲು ಹೊತ್ತು ಹಿಡಿಯುತ್ತೆ, ಮಧ್ಯಾಹ್ನಕ್ಕೆ ಬರ್ತೀನಿ. ಅವನ ಮುಖ ನೋಡಬೇಕಾಗಿತ್ತು, ಮೊದ್ಲು ಬಂದೋರಾ, ಇದೇನು ರೇಷನ್ ಅಂಗ್ಡಿ ಸಾಲಾ ಅತ್ಗೆ, ನಿಮ್ ತಂಗಿ ಕಣ್ರೀ ಅವ್ಳು. ನಾನು ಹತ್ತಿ ಕೂತಾಗಿತ್ತು. ಹೊಡಿ ಮಾದಯ್ಯ ಅಂದೆ.

ಎಷ್ಟು ಹೊತ್ತು, ಒಂದು ನಿಮಿಷ, ಅದೂ ಇಲ್ಲ. ಮೂರು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು, ನೋವು ಯಾವಾಗಿಂದ, ನೀರು ಹೋಗಿದೆಯಾ, ರಕ್ತ ಕಂಡಿದೆಯಾ, ಮೈಸೂರಿನಲ್ಲಿ ಮೊದಲ ದಿನ ಕಲಿಸಿದ್ದೇ ಇದು, ಬಾಗಿಲಲ್ಲಿ ನಿಂತೇ ಕೇಳಬೇಕು, ಸಾವಿರ ಸಲ ಕೇಳಿದ್ದೇನೆ, ಅವತ್ತು ಇಬ್ಬರನ್ನೂ ಕೇಳಲಿಲ್ಲ. ಯಾರು ಮೊದಲು, ಯಾರು ನಮ್ಮವರು, ಯಾರು ಏನಂದಾರು, ಇದರಲ್ಲೇ ಆ ನಿಮಿಷ ಮುಗಿಯಿತು, ಯಾರಿಗೆ ಏನಾಗಿದೆ ಎನ್ನುವುದು ಹೊಳೆಯಲೇ ಇಲ್ಲ. ಕೇಳಿದ್ದರೆ ಪುಟ್ಟಬಸಪ್ಪ ಹೇಳುತ್ತಿದ್ದ, ನೆನ್ನೆ ಸಂಜೆಯಿಂದಲೇ ನೀರು ಹೋಗುತ್ತಿದೆ, ಹೊಟ್ಟೆ ಅಡ್ಡಕ್ಕೆ ಉಬ್ಬಿದೆ ಎನ್ನುತ್ತಾಳೆ ಮನೆಯ ಮುದುಕಿ ಅಂತ, ಹಾಗಿದ್ದರೆ ಮಧ್ಯಾಹ್ನದ ರೈಲಿಗೆ ಹಾಕಿ ಮೈಸೂರಿಗೆ ಕಳಿಸಿಬಿಡು ಎನ್ನುತ್ತಿದ್ದೆ, ಅಷ್ಟೇ ಸಾಕಾಗಿತ್ತು, ನಾನು ಹೋಗಬೇಕಾಗಿಯೂ ಇರಲಿಲ್ಲ, ಬಾಯಿಂದ ಒಂದು ಮಾತು.

ಬದನಗುಪ್ಪೆ ಮುಟ್ಟಿದಾಗ ಮಗು ಬಂದಾಗಿತ್ತು, ಕೇರಿಯ ಹೆಂಗಸರೇ ಹಿಡಿದಿದ್ದರು, ಗಟ್ಟಿಯಾಗಿ ಅಳುತ್ತಿತ್ತು, ಆ ಅಳು ಬೀದಿಯಲ್ಲೇ ಕೇಳಿಸಿದಾಗ ಎದೆಯಲ್ಲಿ ಎಂಥಾ ಕಹಿ ಎದ್ದಿತು, ಇದಕ್ಕಾಗಿಯೇ ಬಂದೆನಾ, ಗಾಡಿ ತಿರುಗಿಸು ಮಾದಯ್ಯ ಅನ್ನಬೇಕು ಅನ್ನುವಷ್ಟರಲ್ಲಿ ಒಳಗಿಂದ ಯಾರೋ ಓಡಿಬಂದರು, ನೆತ್ರ ನಿಲ್ತಿಲ್ಲ ಅಮ್ಮಾರೆ. ಮಾಸು ಬಿದ್ದಿರಲಿಲ್ಲ, ಸಿದ್ದಮ್ಮ ಸುಣ್ಣದ ಗೋಡೆಯ ಹಾಗಿದ್ದಳು, ಚಾಪೆಯಿಂದ ಇಳಿದು ಸಗಣಿ ಸಾರಿಸಿದ ನೆಲದ ಮೇಲೆ ಹರಿಯುತ್ತಿತ್ತು, ನಾಡಿ ನೂಲಿನ ಹಾಗೆ. ಮಾಸು ತೆಗೆದು, ರಕ್ತ ನಿಲ್ಲುವ ಇಂಜೆಕ್ಷನ್ ಕೊಟ್ಟು, ಹೊಟ್ಟೆಯನ್ನು ಅಮುಕಿ ಹಿಡಿದುಕೊಂಡು ಕೂತೆ, ಕೈ ಬಿಟ್ಟರೆ ಮತ್ತೆ ಹರಿಯುತ್ತದೆ, ಬಿಡುವ ಹಾಗಿಲ್ಲ, ಹನ್ನೊಂದೂವರೆ, ಹನ್ನೆರಡು, ಗೌರಿ ಗೌರಿ ಅಂತ ಒಳಗೆ ಹೊಡೆದುಕೊಳ್ಳುತ್ತಿದ್ದರೂ ಕೈ ಮಾತ್ರ ಸಿದ್ದಮ್ಮನ ಹೊಟ್ಟೆಯ ಮೇಲೆ, ದೂರದಲ್ಲಿ ಮೈಸೂರಿನ ರೈಲು ಕೂಗಿ ಹೋಯಿತು. ಒಂದು ಗಂಟೆಗೆ ಅವಳು ಕಣ್ಣು ಬಿಟ್ಟು ನೀರು ಅಂದಳು. ನಾನು ಬರದಿದ್ದರೆ ಇವಳು ಹನ್ನೆರಡರೊಳಗೇ ಹೋಗಿರುತ್ತಿದ್ದಳು, ಇದು ನನಗೆ ಗೊತ್ತು, ಡಾಕ್ಟರಿಗೂ ಗೊತ್ತು, ಪುಟ್ಟಮಾದಯ್ಯನಿಗೂ ಗೊತ್ತು, ಅವನು ಎತ್ತುಗಳ ಬಾಲ ಮುರಿದು ಹರದನಹಳ್ಳಿಯವರೆಗೂ ಗಾಡಿ ಓಡಿಸಿದ, ಗೌಡರ ಬೀದಿಯ ಬಾಯಲ್ಲಿ ನಿಲ್ಲಿಸಿದ, ನಾನು ಇಲ್ಗಂಟ ಅಮ್ಮಾರೆ, ಅಲ್ಲಿಂದ ಓಡಿದೆ, ಚೀಲ ಎದೆಗವಚಿಕೊಂಡು, ನಲವತ್ತು ಮನೆ ದಾಟುವಷ್ಟು ದೂರ, ಜನ ಜಗಲಿಯ ಮೇಲೆ ಎದ್ದು ನಿಂತು ನೋಡುತ್ತಿದ್ದರು, ಯಾರೂ ಬಾ ಅನ್ನಲಿಲ್ಲ, ಆಗಲೇ ತಿಳಿಯಿತು.

ಮಗು ಅಡ್ಡ ಮಲಗಿತ್ತು, ಕೈ ಮೊದಲು ಇಳಿದಿತ್ತು. ಮುದುಕಿ ಎಳೆದಿದ್ದಳು. ಆ ಕೈಯನ್ನು ಹಿಡಿದುಕೊಂಡ ಮೊದಲ ಕೈ ನನ್ನದಲ್ಲ. ಗೌರಿಯನ್ನು ಉಳಿಸಿಕೊಂಡದ್ದು ಸಂಜೆಯ ರೈಲಿಗೆ ಬಂದ ಡಾಕ್ಟರು, ಅವರ ಪುಣ್ಯ, ಉಸಿರಿಲ್ಲದ ಮಗುವನ್ನು ಬಟ್ಟೆಯಲ್ಲಿ ಸುತ್ತಿದವಳು ನಾನು, ಹೆಣ್ಣು, ತಲೆತುಂಬ ಕೂದಲು. ಮೂರನೇ ದಿನ ಗಂಜಿ ಮಾಡಿ ಒಯ್ದೆ, ಗೋಡೆಯ ಕಡೆ ತಿರುಗಿ ಮಲಗಿದ್ದಳು, ಗೌರಿ ಅಂದೆ, ಒಂದು ಗುಟುಕು ಕುಡಿ ಮಗ ಅಂದೆ, ಅವಳು ತಿರುಗದೆಯೇ, ಅಲ್ಲಿ ಇಟ್ಬುಟ್ಟು ಓಗಿ ನರ್ಸಮ್ಮ. ಬೈಯಲಿಲ್ಲ, ಅಳಲಿಲ್ಲ, ಆಮೇಲೆ ಮೂರು ವರ್ಷದಲ್ಲಿ ನಾಲ್ಕು ಸಲ ಸಿಕ್ಕಿದ್ದಾಳೆ, ನಾಲ್ಕು ಸಲವೂ ಚೆನ್ನಾಗಿದ್ದೀರಾ, ಊಟ ಮಾಡ್ಕಂಡು ಓಗಿ, ಗುರುತಿಲ್ಲದ ಆಫೀಸರಿಗೆ ಕೊಡುವ ಮರ್ಯಾದೆ. ನಾನೇ ಅರ್ಜಿ ಬರೆದು ಗುಂಡ್ಲುಪೇಟೆಗೆ ವರ್ಗ ಮಾಡಿಸಿಕೊಂಡೆ, ಭಾನುವಾರ ಬಂದರೆ ಕಾಲು ತನಗೆ ತಾನೇ ಹರದನಹಳ್ಳಿಯ ದಾರಿಗೆ ತಿರುಗುತ್ತಿತ್ತು, ಅದನ್ನು ತಡೆಯಲು ಇನ್ನೊಂದು ಊರೇ ಬೇಕಾಯಿತು. ಅಲ್ಲಿ ಹೆರಿಗೆಯಲ್ಲಿ ಯಾವಳೋ ನೋವಿಗೆ ಅಕ್ಕಯ್ಯಾ ಎಂದು ಕೂಗಿಕೊಂಡರೆ ಕೈ ನಿಂತುಹೋಗುತ್ತದೆ, ಆ ಕೂಗು ನನಗಲ್ಲ, ಆದರೂ ನಿಲ್ಲುತ್ತದೆ.

ಪುಟ್ಟಮಾದಯ್ಯ ಹೋದ ವರ್ಷ ಗುಂಡ್ಲುಪೇಟೆಯ ಸಂತೆಗೆ ಬಂದವನು ಮೊಮ್ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದ, ಈ ಸಲ ಗೇಟಿನ ಒಳಗೆ ಬಂದ, ನಿಮ್ದೇ ಎಸ್ರು ಮಡಗಿವ್ನಿ ಅಮ್ಮಾರೆ, ಗುರುಮಲ್ಲಿ ಅಂತ. ಮಗು ನನ್ನ ಗಡಿಯಾರವನ್ನು ಕಿತ್ತುಕೊಳ್ಳಲು ನೋಡಿತು, ಎತ್ತಿಕೊಂಡೆ, ಎರಡು ವರ್ಷದ ಮಗುವಿನ ಭಾರ, ಗೌರಿಯ ಮಗುವಿನ ದಿನವೇ ಹುಟ್ಟಿದ್ದು, ಅದೇ ವಯಸ್ಸಿನ ಭಾರ, ಸಂತೆಯ ದೂಳು ಮೆತ್ತಿದ ಕೂದಲನ್ನು ಮೂಸಿದೆ, ಬೇಗ ಇಳಿಸಿಬಿಟ್ಟೆ. ಅವನು ಕೇಳಿದ, ನಿಮ್ ತಂಗ್ಯಮ್ಮ ಮಾತಾಡುದ್ರಾ. ಇಲ್ಲ ಅಂದೆ. ಅವನು ಮೊಮ್ಮಗಳ ಕೈ ಹಿಡಿದುಕೊಂಡು ಅಂದ, ನಾನು ಆ ಚೀಲ ಕೆಳಕ್ಕೆ ಮಡಗ್ದೆ ಇದ್ದಿದ್ರೆ ನೀವು ಅವ್ರ ಜೊತೇಲೇ ಓಯ್ತಿದ್ರಿ, ಅಲ್ವ ಅಮ್ಮಾರೆ, ನಾನು ಮಡಗಿದ್ದಕ್ಕೆ ನೀವು ಬಂದ್ರಿ. ಮುದುಕನಿಗೆ ಹೇಗೆ ಗೊತ್ತಾಯಿತು. ಇನ್ನು ಹತ್ತು ನಿಮಿಷ ಸಿಕ್ಕಿದ್ದಿದ್ದರೆ, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವಷ್ಟು ಹೊತ್ತು ಸಿಕ್ಕಿದ್ದಿದ್ದರೆ, ಗೌರಿಯ ಕಡೆಗೆ ನೂರು ಕಾರಣ ಹುಡುಕಿಕೊಂಡಿರುತ್ತಿದ್ದೆ, ಹತ್ತಿರದ ಊರು, ಚೊಚ್ಚಲು ಕಷ್ಟ, ತಾಯಿಲ್ಲದ ಹುಡುಗಿ, ಒಂದೊಂದೂ ನಿಜವಾದ ಕಾರಣವೇ, ಹುಡುಕಲು ಹೊತ್ತಿಲ್ಲದ್ದರಿಂದ ನ್ಯಾಯ ಮಾಡಿದೆ, ಹೊತ್ತಿದ್ದಿದ್ದರೆ ಮಾಡುತ್ತಿರಲಿಲ್ಲ, ಮಾಡದಿದ್ದರೆ ಗುರುಮಲ್ಲಿಗೆ ತಾಯಿ ಇರುತ್ತಿರಲಿಲ್ಲ. ಹಾಗಾದರೆ ಆ ಒಂದು ನಿಮಿಷ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿತೋ, ಕಲ್ಲು ಮಾಡಿತೋ, ಇಬ್ಬರನ್ನೂ ಪ್ರಶ್ನೆ ಕೇಳದೆ ಹೊರಟ ಮೂರ್ಖಳನ್ನಾಗಿ ಮಾಡಿತೋ, ತೂಗಿ ತೂಗಿ ಸಾಕಾಯಿತು, ತಕ್ಕಡಿ ನಿಲ್ಲುವುದೇ ಇಲ್ಲ. ತಪ್ಪಾಯಿತು ಗೌರಿ ಅನ್ನಲೂ ಬಾಯಿ ಬರುವುದಿಲ್ಲ, ತಪ್ಪಾಯಿತು ಅಂದರೆ ಸಿದ್ದಮ್ಮ ಸಾಯಬೇಕಾಗಿತ್ತು ಅಂದ ಹಾಗೆ.

ಚಾಮರಾಜನಗರ, ಇಳಿರಿ ಇಳಿರಿ, ಪುಟ್ಟಬಸಪ್ಪ ಆಲದ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಕಿವಿಯ ಪಕ್ಕ ಕೂದಲು ನರೆತಿದೆ, ಈ ವಯಸ್ಸಿಗೇ, ಬನ್ನಿ ಅತ್ಗೆ, ಬಸ್ಸು ತಡ ಆಯ್ತು. ಗಾಡಿಯಲ್ಲಿ ಹುಲ್ಲು ಹರಡಿದೆ, ಹತ್ತಿ ಕೂತ ಕೂಡಲೇ ಕೇಳುತ್ತಿದ್ದೇನೆ, ನೋವು ಏನಾದರೂ ಬಂತಾ, ನೀರು ಹೋಗಿದೆಯಾ, ಮಗು ಆಡುತ್ತಾ, ಕಾಲು ಊದಿದೆಯಾ, ಅವನು ಒಂದೊಂದಕ್ಕೂ ಇಲ್ಲ, ಇಲ್ಲ, ಹೂಂ, ಇಲ್ಲ ಅಂತಾನೆ, ಮೂರು ವರ್ಷ ತಡವಾಗಿ ಕೇಳುತ್ತಿರುವ ಪ್ರಶ್ನೆಗಳು. ಆಮೇಲೆ ಧೈರ್ಯ ಮಾಡಿ ಕೇಳಿದೆ, ಕಾರ್ಡು ಬರೆಯಲು ಅವಳು ಹೇಳಿದಳಾ. ಎತ್ತಿನ ಬೆನ್ನು ನೇವರಿಸುತ್ತಾ ಅವನು ಅಂದ, ಬರೀರಿ ಅನ್ನನೂ ಇಲ್ಲ, ಬ್ಯಾಡ ಅನ್ನನೂ ಇಲ್ಲ, ಓದಿ ಏಳಿದೆ, ಕೇಳುಸ್ಕಂಡು ಸುಮ್ನಾದ್ಲು. ಸುಮ್ಮನಾದಳು, ಅಷ್ಟಕ್ಕೇ ನನ್ನ ಎದೆ ಹಕ್ಕಿಯ ಹಾಗೆ ಹಾರುತ್ತಿದೆ, ನಾಚಿಕೆಯಾಗಬೇಕು ನನಗೆ.

ಒಳಕೋಣೆ, ಮೇಲಿನ ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿದೆ, ಗೌರಿ ಗೋಡೆಗೆ ಒರಗಿ ಕೂತಿದ್ದಾಳೆ, ಬನ್ನಿ ಅಂದಳು, ಅಷ್ಟೇ. ಕೈ ತೊಳೆದುಕೊಂಡು ಬಂದು ಹತ್ತಿರ ಕೂತೆ, ಮಲಕ್ಕೊ ಅಂದೆ, ಮಲಗಿದಳು, ಮೂರು ವರ್ಷದ ಮೇಲೆ ಅವಳ ಮೈ ನನ್ನ ಕೈಗೆ ಸಿಕ್ಕಿದೆ, ತಡೆ, ಕೆಲಸ ನೋಡು, ಮಗುವಿನ ಬೆನ್ನು ಇಲ್ಲಿ, ತಲೆ ಕೆಳಗಿದೆ, ಸರಿಯಾಗಿ ಕೆಳಗಿದೆ, ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಕೊಟ್ಟೆ, ಎದೆಬಡಿತ ಓಡುತ್ತಿದೆ, ಗಟ್ಟಿಯಾಗಿ ಓಡುತ್ತಿದೆ, ನೆಟ್ಟಗದೆ ಗೌರಿ, ತಲೆ ಕೆಳಗದೆ, ಹೆದರಬೇಡ, ನಾಳೆಯೇ ಮೈಸೂರಿಗೆ ಹೋಗಿ ಡಾಕ್ಟರ ಕಣ್ಣಿಗೆ ಒಂದು ಸಲ ಬೀಳೋಣ, ಹೆರಿಗೆ ಆಗೋವರೆಗೂ ನಾನು ಎಲ್ಲಿಗೂ ಹೋಗಲ್ಲ, ರಜ ಹಾಕಿ ಬಂದಿದ್ದೀನಿ. ಅವಳು ಜಂತೆಯನ್ನೇ ನೋಡುತ್ತಿದ್ದಳು, ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯೊಳಕ್ಕೆ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ, ಆಮೇಲೆ ಮಾತಾಡಿದಳು, ಜಂತೆಗೆ ಹೇಳುವ ಹಾಗೆ, ಮೆಲ್ಲಗೆ, ಅವತ್ತು ಗಾಡಿ ಕಟ್ದಾಗ ನಾನೇ ಎದ್ದು ಓದೆ ಕಣ, ಅತ್ತೆ ಬ್ಯಾಡ ಬ್ಯಾಡ ಅಂದ್ರು, ನಿಂಗೆ ಸೊಂಟ ನೋವಲ್ವಾ, ಗಾಡಿ ಕುಲುಕಾಟ ತಡೆಯಾಕಿಲ್ಲ ಅಂತವ ನನ್ ಮದ್ವೆ ಜಮಖಾನ ತಂದು ನಾಕು ಮಡಿಕೆ ಮಾಡಿ ಆಸ್ದೆ, ನೋವು ಬಂದಾಗ ಗಾಲಿ ಇಡ್ಕಂಡು ನಿಂತ್ಕಳದು, ನೋವು ಓದಾಗ ಆಸದು. ನಿಲ್ಲಿಸಿದಳು. ಗಾಡಿ ವಾಪಸ್ ಬಂತಲ್ಲ, ಕಿಟಕೀಲಿ ನೋಡ್ದೆ, ಆಸಿದಂಗೇ ಇತ್ತು, ಒಂದು ಸುಕ್ಕೂ ಬಿದ್ದಿರ್ನಿಲ್ಲ, ನೀನು ಕೂತೇ ಇರ್ನಿಲ್ಲ.

ನೀನು ಅಂದಳು, ನಿಂಗೆ ಅಂದಳು, ಮೂರು ವರ್ಷದಿಂದ ಬೇಡಿಕೊಂಡದ್ದು ಇದೇ, ಅದು ಇಷ್ಟು ಹರಿತವಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ, ಸಿದ್ದಮ್ಮನ ವಿಷಯ ಹೇಳಬೇಕು, ಆ ರಕ್ತ, ಆ ನೆಲ, ನನ್ನ ಕೈ ಬಿಡುವ ಹಾಗಿರಲಿಲ್ಲ ಅನ್ನುವುದು, ಆದರೆ ನಾನು ಆ ಗಾಡಿಯ ಒಳಕ್ಕೆ ನೋಡಿಯೇ ಇರಲಿಲ್ಲ, ಎತ್ತು ನೋಡಿದೆ, ಪುಟ್ಟಬಸಪ್ಪನ ರುಮಾಲು ನೋಡಿದೆ, ಗಡಿಯಾರ ನೋಡಿದೆ, ಒಳಕ್ಕೆ ನೋಡಲಿಲ್ಲ, ನೋಡಿದ್ದರೆ ಏನು ಮಾಡುತ್ತಿದ್ದೆ, ಗೊತ್ತಿಲ್ಲ, ಅವಳ ಹೊಟ್ಟೆಯ ಮೇಲೆ ನನ್ನ ಕೈ ಇನ್ನೂ ಇದೆ, ಅವಳು ತೆಗೆಯಲಿಲ್ಲ, ಕೆಳಗೆ ಮಗು ಒದ್ದಿತು, ಒಂದು ಗಾಡಿ ಖಾಲಿ ಬರುತ್ತಿದೆ, ಕಿಟಕಿಯಲ್ಲಿ ಅವಳು, ಕೆಂಪು ಪಟ್ಟೆಯ ಜಮಖಾನ, ನಾಲ್ಕು ಮಡಿಕೆ, ಗಾಡಿ ಖಾಲಿ ಬರುತ್ತಿದೆ, ಜಮಖಾನ, ಒಂದು ಸುಕ್ಕೂ ಇಲ್ಲದ ಜಮಖಾನ —